ಗ್ರಾನೈಟ್ ಕೊಯ್ಯುವ ಮೊದಲು ಕೇಳುತ್ತಿದ್ದೇನೆ: ಹಾಬ್ ಯಾವುದು, ಗೋಡೆ ಓವನ್ ಬೇಕಾ?

ನೀರ್ಚಾಲು ಮನೆ:
ನಮಸ್ಕಾರ. ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮದೊಂದು ತೋಟದ ಮನೆ. ಅಜ್ಜನ ಕಾಲದ ಮುರಕಲ್ಲಿನ ಗೋಡೆ, ಹಂಚಿನ ಮಾಡು. ಈಗ ಅಡಿಗೆ ಕೋಣೆಯನ್ನು ಮಾತ್ರ ಹೊಸದು ಮಾಡುತ್ತಿದ್ದೇವೆ. ವಿಷು ಕಳೆದ ಕೂಡಲೇ ಕೆಲಸ ಶುರುವಾಯಿತು, ಮಳೆ ಹಿಡಿಯುವ ಮೊದಲು ಮುಗಿಯಬೇಕು. ಗ್ರಾನೈಟ್ ಬಂದು ಅಂಗಳದಲ್ಲಿ ಒರಗಿ ನಿಂತಿದೆ. ಕೊಯ್ಯುವವರು ಬುಧವಾರ ಬರುತ್ತಾರೆ, ಅಷ್ಟರೊಳಗೆ ಹಾಬ್‌ನ (ಗ್ರಾನೈಟಿನಲ್ಲಿ ತೂತು ಕೊಯ್ದು ಕೂರಿಸುವ ಒಲೆ) ಅಳತೆ ಕೊಡಬೇಕಂತೆ. ಆಚಾರಿಗೆ ಓವನ್ ಗೂಡಿನ ಅಳತೆ ಬೇಕಂತೆ.

ಮನೆಯಲ್ಲಿ ಐದು ಜನ. ದಿನಾ ಕುಚ್ಚಿಲಕ್ಕಿ ಅನ್ನ, ಬೆಳಿಗ್ಗೆ ಕಾವಲಿಯಲ್ಲಿ ನೀರುದೋಸೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಪತ್ರೊಡೆಯೋ ಹಲಸಿನ ಕೊಟ್ಟಿಗೆ ಕಡುಬೋ ಇದ್ದೇ ಇರುತ್ತದೆ. ಅಮ್ಮನಿಗೆ 72 ವರ್ಷ, ಈಗಲೂ ಅಡಿಗೆ ಅವರದ್ದೇ. ಮಗಳಿಗೆ ಗೋಡೆಯೊಳಗೆ ಕೂರುವ ಓವನ್ ಬೇಕು. ಹೆಂಡತಿಗೆ ನಾಲ್ಕು ಒಲೆಯ ಗಾಜಿನ ಹಾಬ್. ನನಗೆ ಈ ಚರ್ಚೆ ಮುಗಿದರೆ ಸಾಕು.

ಮಂಗಳೂರಿನಲ್ಲಿ ಎರಡು ಅಂಗಡಿ ಸುತ್ತಿದೆವು. ಒಬ್ಬರು ಗ್ಯಾಸಿನ ಕಾಲ ಮುಗಿಯಿತು, ಇಂಡಕ್ಷನ್ ಹಾಬ್ ತಗೊಳ್ಳಿ ಅಂದರು. ಇನ್ನೊಬ್ಬರು ಇಟಲಿಯ ಬರ್ನರ್ ಅಂತ ನಾಲ್ಕು ಸಲ ಹೇಳಿದರು. ಕಾವಲಿ ಇಟ್ಟರೆ ಪಕ್ಕದ ಒಲೆಯಲ್ಲಿ ಜಾಗ ಉಳಿಯುತ್ತದಾ ಅಂತ ಕೇಳಿದೆ. ಅದಕ್ಕೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಬಳಸುತ್ತಿರುವವರು ಹೇಳಿ.

ಪೆರ್ಲದ ಅಡಿಗೆಮನೆ:
ಉತ್ತರ ಸುಲಭ. ಉಳಿಯುವುದಿಲ್ಲ.

ನಮ್ಮಲ್ಲಿ 60 ಸೆಂಟಿಮೀಟರ್ ಅಗಲದ ನಾಲ್ಕು ಒಲೆಯ ಹಾಬ್ ಹಾಕಿ ಐದು ವರ್ಷ ಆಯಿತು. ಅಷ್ಟು ಅಗಲಕ್ಕೆ ನಾಲ್ಕು ಬರ್ನರ್ ತುರುಕಿದ್ದಾರೆ. ಕಾಫಿ ಪಾತ್ರೆ, ಸಾಸಿವೆ ಒಗ್ಗರಣೆ ಸೌಟು, ಸಣ್ಣ ಕುಕ್ಕರ್ ಇಟ್ಟರೆ ಚೆಂದ. ನಮ್ಮ ಕಾವಲಿ, ಅಟ್ಟಿನಳಗೆ (ಹಬೆಯಲ್ಲಿ ಬೇಯಿಸುವ ಪಾತ್ರೆ), ಉರುಳಿ ಇಟ್ಟರೆ ಅದು ಎರಡೇ ಒಲೆಯ ಹಾಬ್. ಹಿಂದಿನ ಎರಡು ಒಲೆಯಲ್ಲಿ ಅಡಿಗೆ ಮಾಡಲು ಮುಂದಿನ ಬೆಂಕಿಯ ಮೇಲೆ ಕೈ ಚಾಚಬೇಕು. ಸೀರೆ ಸೆರಗು ಇರುವವರಿಗೆ ಅದು ಭಯವೇ. ನಿಮ್ಮ ಅಮ್ಮನಿಗೆ 72 ಅಂದಿರಿ, ಹಾಗಾಗಿ ಹೇಳಿದೆ.

ಒಂದು ಕೆಲಸ ಮಾಡಿ. ದಿನಾ ಬಳಸುವ ದೊಡ್ಡ ಮೂರು ಪಾತ್ರೆಗಳನ್ನು ನೆಲದ ಮೇಲೆ ಒಂದೇ ಸಾಲಲ್ಲಿ ಇಟ್ಟು ಅಳತೆ ಟೇಪ್ ಹಿಡಿಯಿರಿ. ನಮ್ಮಲ್ಲಿ ಕಾವಲಿ, ಕುಕ್ಕರ್, ಅಟ್ಟಿನಳಗೆ ಸೇರಿ 84 ಸೆಂಟಿಮೀಟರ್ ಬಂತು. ಅದನ್ನು ಹಾಬ್ ಕೊಂಡ ಮೇಲೆ ಅಳೆದೆ ಅನ್ನುವುದೇ ನನ್ನ ಸಂಕಟ.

ಹೊಸೂರು ಕನ್ನಡಿಗ:
ನಾನು ತಮಿಳುನಾಡಿನ ಗಡಿಯವನು, ಮಧ್ಯೆ ಬಾಯಿ ಹಾಕುತ್ತೇನೆ. ಇಂಡಕ್ಷನ್ ಬೇಡ ಅಂತ ಸುಮ್ನೆ ತಳ್ಳಿ ಹಾಕಬೇಡಿ. ಎರಡು ವರ್ಷದಿಂದ ನಮ್ಮಲ್ಲಿ ನಾಲ್ಕು ವಲಯದ ಇಂಡಕ್ಷನ್ ಹಾಬ್ ಇದೆ. ಅಡಿಗೆ ಮನೆ ಬಿಸಿ ಆಗುವುದಿಲ್ಲ. ಬಟ್ಟೆಯಲ್ಲಿ ಒಂದು ಸಲ ಒರಸಿದರೆ ಸ್ವಚ್ಛ. ಹಾಲು ಉಕ್ಕಿದರೂ ಸೀಯುವುದು ಕಡಿಮೆ. ನಮ್ಮ ರಾಜ್ಯದಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ, ಅದೂ ಸ್ವಲ್ಪ ಸಹಾಯ.

ಕುಂಬಳೆ ವಯರಿಂಗ್:
ಹೊಸೂರಿನವರೇ, ನಿಮ್ಮ ಹಾಬ್ ಪೂರ್ತಿ ಉರಿದರೆ 7 ಕಿಲೋವಾಟ್ ಮೇಲೆ ಹೋಗುತ್ತದೆ, ಅಲ್ವಾ? ನಮ್ಮ ಕಡೆ ಹಳೇ ಮನೆಗಳಲ್ಲಿ ಇರುವುದು ಸಿಂಗಲ್ ಫೇಸ್. ಕೇರಳದಲ್ಲಿ ಒಟ್ಟು ಲೋಡ್ 5 ಕಿಲೋವಾಟ್ ದಾಟಿದರೆ ತ್ರೀ ಫೇಸ್ ಮಾಡಿಸಬೇಕು. ನೀರ್ಚಾಲಿನವರು ಮೊದಲು ಇದನ್ನು ನೋಡಲಿ. ಲೈಟು ಫ್ಯಾನು, ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್, ಮನೆ ಬಾವಿಯ ಒಂದು ಎಚ್‌ಪಿ ಪಂಪು ಸೇರಿದರೇ 3 ಕಿಲೋವಾಟ್ ಹತ್ತಿರ ಬರುತ್ತದೆ. ಗೋಡೆ ಓವನ್ ಅಂದರೆ ಇನ್ನೂ ಸುಮಾರು 3. ಅಲ್ಲಿಗೆ 5 ದಾಟಿತು.

ಓವನಿಗೆ ಡಿಬಿಯಿಂದಲೇ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಬೇರೆ ಲೈನ್ ಎಳೆಯಬೇಕು. 4 ಸ್ಕ್ವೇರ್ ಎಂಎಂ ತಾಮ್ರದ ವಯರ್, ಬೇರೆ ಎಂಸಿಬಿ, 16 ಆಂಪಿಯರ್ ಪಾಯಿಂಟ್. ಪಾಯಿಂಟನ್ನು ಓವನಿನ ಹಿಂದೆ ಇಡಬೇಡಿ. ಪಕ್ಕದ ಕಪಾಟಿನೊಳಗೆ ಇಡಿ. ಹಿಂದೆ ಇಟ್ಟರೆ ಪ್ಲಗ್ ತಾಗಿ ಓವನ್ ಪೂರ್ತಿ ಒಳಗೆ ಹೋಗುವುದಿಲ್ಲ, ಆಫ್ ಮಾಡಲು ಇಡೀ ಓವನ್ ಎಳೆಯಬೇಕು. ಇಂಥದ್ದನ್ನು ಎರಡು ಮನೆಯಲ್ಲಿ ನಾನೇ ಒಡೆದು ಸರಿ ಮಾಡಿದ್ದೇನೆ.

ವೋಲ್ಟೇಜ್ ವಿಷಯ. ನಿಮ್ಮ ಕಡೆ ಸಂಜೆ ಎಷ್ಟು ಬರುತ್ತದೆ ಅಂತ ಮೀಟರ್ ಇಟ್ಟು ನೋಡಿ. ತಂತಿ ಸುರುಳಿ ಕಾಯುವ ಸಾಮಾನಿಗೆ ವೋಲ್ಟೇಜ್ ಸ್ವಲ್ಪ ಇಳಿದರೆ ಶಾಖ ಜಾಸ್ತಿಯೇ ಇಳಿಯುತ್ತದೆ. 230ರಲ್ಲಿ 3000 ವಾಟ್ ಕೊಡುವ ಓವನ್ 180ರಲ್ಲಿ 1840 ವಾಟ್ ಮಾತ್ರ ಕೊಡುತ್ತದೆ. ಕೇಕ್ ಉಬ್ಬಲಿಲ್ಲ ಅಂತ ಬೇಕಿಂಗ್ ಪೌಡರಿಗೆ ಬೈದು ಪ್ರಯೋಜನ ಇಲ್ಲ.

ನೀರ್ಚಾಲು ಮನೆ:
ಅಳೆದೆ. ಬೆಳಿಗ್ಗೆ 225, ಸಂಜೆ ಏಳೂವರೆಗೆ 188. ಸಾಲಲ್ಲಿಟ್ಟ ಪಾತ್ರೆ 81 ಸೆಂಟಿಮೀಟರ್. ಅಮ್ಮ ನೋಡಿ ಇದೇನು ಪಾತ್ರೆ ಅಂಗಡಿ ಹಾಕಿದ್ದೀಯಾ ಅಂದರು.

ನಿವೃತ್ತ ಲೆಕ್ಕದ ಮಾಷ್ಟ್ರು:
ಇಂಡಕ್ಷನ್ ಅಗ್ಗವೋ ಗ್ಯಾಸ್ ಅಗ್ಗವೋ ಅಂತ ಎಲ್ಲರೂ ಬಾಯಲ್ಲೇ ಹೇಳುತ್ತಾರೆ. ಒಮ್ಮೆ ಲೆಕ್ಕ ಹಾಕೋಣ.

ಒಂದು ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್. ಒಂದು ಕಿಲೋದಲ್ಲಿ ಸುಮಾರು 46 ಮೆಗಾಜೂಲ್ ಶಾಖ. ಒಟ್ಟು ಸುಮಾರು 650. ಒಂದು ಯೂನಿಟ್ ಕರೆಂಟ್ ಅಂದರೆ 3.6 ಮೆಗಾಜೂಲ್. ಹಾಗಾದರೆ ಒಂದು ಸಿಲಿಂಡರ್ ಅಂದರೆ 181 ಯೂನಿಟ್. ಇದರಲ್ಲಿ ಪಾತ್ರೆಗೆ ಸೇರುವುದು ಎಲ್ಲ ಅಲ್ಲ. ಮನೆ ಗ್ಯಾಸ್ ಒಲೆಗೆ ಐಎಸ್ 4246 ಅನ್ನುವ ಮಾನಕ ಇದೆ, ಅದರ ಪ್ರಕಾರ ಕನಿಷ್ಠ 68 ಶೇಕಡ ಪಾತ್ರೆಗೆ ಸೇರಬೇಕು. ಅಂದರೆ 123 ಯೂನಿಟ್ ಉಪಯೋಗಕ್ಕೆ ಬಂತು. ಇಂಡಕ್ಷನ್‌ನಲ್ಲಿ 85 ಶೇಕಡ ಸೇರುತ್ತದೆ ಅಂತ ಹಿಡಿದರೆ, ಅದೇ ಅಡಿಗೆಗೆ 145 ಯೂನಿಟ್ ಬೇಕು. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ 1015 ರೂಪಾಯಿ. ನಿಮ್ಮ ಸಿಲಿಂಡರಿನ ಬಿಲ್ಲನ್ನು ಇದರ ಪಕ್ಕ ಇಟ್ಟು ನೋಡಿ.

ಇನ್ನೊಂದು ಮುಳ್ಳು ಉಂಟು. ಕೇರಳದಲ್ಲಿ ತಿಂಗಳಿಗೆ 250 ಯೂನಿಟ್ ತನಕ ಹಂತ ಹಂತವಾಗಿ ದರ ಏರುತ್ತದೆ. ಅದು ದಾಟಿದರೆ ಹಂತ ಇಲ್ಲ, ಮೊದಲ ಯೂನಿಟ್‌ನಿಂದಲೇ ಮೇಲಿನ ದರ. ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ, ಹಾಗಾಗಿ 500 ಅನ್ನುವುದು ಲಕ್ಷ್ಮಣ ರೇಖೆ. ಅಡಿಗೆ ಪೂರ್ತಿ ಇಂಡಕ್ಷನ್‌ಗೆ ಹೋದರೆ ಬೇಸಿಗೆಯಲ್ಲಿ ಫ್ಯಾನು ಪಂಪಿನ ಜೊತೆ ಸೇರಿ ಆ ಗೆರೆ ದಾಟುವ ಸಂಭವ ಜಾಸ್ತಿ.

ಹೊಸೂರು ಕನ್ನಡಿಗ:
ಮಾಷ್ಟ್ರೇ, ಒಲೆಯ ಮಾನಕದ 68 ಅಂಗಡಿಯಿಂದ ಬಂದ ದಿನದ್ದು. ಸಣ್ಣ ಪಾತ್ರೆಯ ಸುತ್ತ ಬೆಂಕಿ ಹೊರಗೆ ಹೋಗುವಾಗ ಅಷ್ಟು ಎಲ್ಲಿ ಸೇರುತ್ತದೆ? ನಿಜವಾದ ಅಡಿಗೆಯಲ್ಲಿ ಅರ್ಧವೂ ಸೇರುವುದಿಲ್ಲ.

ನಿವೃತ್ತ ಲೆಕ್ಕದ ಮಾಷ್ಟ್ರು:
ಒಪ್ಪಿದೆ. ಅರ್ಧ ಅಂತ ಹಿಡಿದರೆ 90 ಯೂನಿಟ್ ಉಪಯೋಗಕ್ಕೆ, ಇಂಡಕ್ಷನ್‌ಗೆ 106 ಯೂನಿಟ್ ಸಾಕು, 742 ರೂಪಾಯಿ. ಆಗ ಎರಡೂ ಹತ್ತಿರ ಹತ್ತಿರ. ಹಾಗಾಗಿ ಹಣ ನೋಡಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ಇವರ ಮನೆಯಲ್ಲಿ ಸಂಜೆ 188 ವೋಲ್ಟ್. ನನ್ನ ಓಟು ಗ್ಯಾಸಿಗೆ.

ಪೆರ್ಲದ ಅಡಿಗೆಮನೆ:
ಪಾತ್ರೆಯ ವಿಷಯ ಯಾರೂ ಹೇಳಲಿಲ್ಲ. ಇಂಡಕ್ಷನ್‌ಗೆ ತಳಕ್ಕೆ ಅಯಸ್ಕಾಂತ ಅಂಟಬೇಕು. ಕಬ್ಬಿಣದ ಕಾವಲಿ ಆಗುತ್ತದೆ, ತಳ ಚಪ್ಪಟೆ ಇದ್ದರೆ. ಕಂಚಿನ ಉರುಳಿ ಆಗುವುದಿಲ್ಲ, ತಾಮ್ರ ಆಗುವುದಿಲ್ಲ, ಅಲ್ಯುಮಿನಿಯಂ ಅಟ್ಟಿನಳಗೆ ಆಗುವುದಿಲ್ಲ, ಸಾರಿನ ಮಣ್ಣಿನ ಪಾತ್ರೆ ಆಗುವುದಿಲ್ಲ. ಫ್ರಿಜ್ ಮೇಲಿನ ಅಯಸ್ಕಾಂತದ ಗೊಂಬೆ ಹಿಡಿದು ಪಾತ್ರೆ ಕಪಾಟಿಗೆ ಒಂದು ಸುತ್ತು ಬನ್ನಿ. ಅರ್ಧಕ್ಕರ್ಧ ಪಾತ್ರೆ ಅಟ್ಟ ಹತ್ತುತ್ತದೆ.

ಕಂಗಿನ ತೋಟ:
ನಮ್ಮಲ್ಲಿ ಗೋಬರ್ ಗ್ಯಾಸ್ ಇದೆ. ಹೊಸ ಹಾಬಿಗೇ ಅದರ ಪೈಪು ಕೊಡಬಹುದಾ? ನೀರ್ಚಾಲಿನವರಲ್ಲೂ ದನ ಇರಬಹುದು ಅಂತ ಇಲ್ಲೇ ಕೇಳುತ್ತಿದ್ದೇನೆ.

ಮುಳ್ಳೇರಿಯ ಒಲೆ ರಿಪೇರಿ:
ಕೊಡಬೇಡಿ. ಹಾಬಿನಲ್ಲಿ ಗ್ಯಾಸ್ ಚಿಮ್ಮುವ ಜೆಟ್‌ನ ತೂತು ಸೂಜಿಮೊನೆಯಷ್ಟು. ಅದು ಸಿಲಿಂಡರ್ ಗ್ಯಾಸಿಗೆ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಉಳಿದದ್ದು ಸುಮ್ನೆ ಇರುವ ಗಾಳಿ. ಒತ್ತಡವೂ ಕಡಿಮೆ. ಅದಕ್ಕೆ ದೊಡ್ಡ ತೂತಿನ ಜೆಟ್, ದೊಡ್ಡ ಬರ್ನರ್ ಬೇಕು. ಕೆಲವರು ಡ್ರಿಲ್ ಹಾಕಿ ಜೆಟ್ ದೊಡ್ಡದು ಮಾಡಿಸುತ್ತಾರೆ. ನಾಳೆ ದನ ಕಮ್ಮಿ ಆಯಿತು ಅಂತ ಅದಕ್ಕೇ ಸಿಲಿಂಡರ್ ಜೋಡಿಸಿದರೆ ಒಂದು ಮೊಳ ಬೆಂಕಿ ಬರುತ್ತದೆ. ಮತ್ತೆ ಆ ಗ್ಯಾಸಿನ ಗಂಧಕ ಹಿತ್ತಾಳೆಯನ್ನು ತಿನ್ನುತ್ತದೆ.

ಗೋಬರ್ ಗ್ಯಾಸಿಗೆ ಅದರದ್ದೇ ಒಂದು ಒಲೆ ಬೇರೆ ಇಡಿ. ಬಿಡಬೇಡಿ ಅದನ್ನು. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಬಂದರೆ ಸುಮಾರು 0.9 ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ. ಹದಿನಾರು ದಿನಕ್ಕೆ ಒಂದು ಸಿಲಿಂಡರ್ ಉಳಿದ ಹಾಗೆ.

ನಾನು ಒಲೆ ರಿಪೇರಿ ಮಾಡುವವನು, ಹಾಬಿನ ಬಗ್ಗೆ ನಾಲ್ಕು ಮಾತು ಹೇಳಿಯೇ ಹೋಗುತ್ತೇನೆ. ಎಲ್ಲರೂ ಗಾಜಿನ ದಪ್ಪ, ಇಟಲಿ ಬರ್ನರ್ ನೋಡುತ್ತಾರೆ. ಇಟಲಿಯ ಸಬಾಫ್ ಬರ್ನರ್ ಒಳ್ಳೆಯದೇ, ಸುಳ್ಳಲ್ಲ. ಆದರೆ ನನ್ನನ್ನು ಕರೆಯುವುದು ಬರ್ನರ್ ಹಾಳಾಗಿ ಅಲ್ಲ. ಮೂರು ಕಾರಣಕ್ಕೆ ಕರೆಯುತ್ತಾರೆ.

ಬೆಂಕಿ ಹಳದಿ, ಪಾತ್ರೆ ಮಸಿ. ಹೋಗಿ ನೋಡಿದರೆ ಹಾಬಿನ ಕೆಳಗೆ ಗಟ್ಟಿ ಮುಚ್ಚಿದ ಡ್ರಾಯರ್. ನಮ್ಮಲ್ಲಿ ಮಾರುವ ಹಾಬುಗಳಲ್ಲಿ ಹೆಚ್ಚಿನವು ಉರಿಯಲು ಬೇಕಾದ ಗಾಳಿಯನ್ನು ಕೆಳಗಿನಿಂದ ಎಳೆಯುತ್ತವೆ. ಆಚಾರಿ ಚೆಂದಕ್ಕೆ ಪ್ಲೈ ಹೊಡೆದು ಮುಚ್ಚಿರುತ್ತಾರೆ. ಕಪಾಟಿನ ಬಾಗಿಲಿಗೆ ಜಾಲರಿ ಹಾಕಿಸಿದರೆ ಬೆಂಕಿ ನೀಲಿ ಆಗುತ್ತದೆ. ಅದಕ್ಕೆ ನನಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ನಾಬ್ ಬಿಟ್ಟ ಕೂಡಲೇ ಬೆಂಕಿ ಆರುತ್ತದೆ. ಇದು ಬೆಂಕಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಸುರಕ್ಷತೆ ಇರುವ ಹಾಬಿನಲ್ಲಿ. ಬರ್ನರ್ ಪಕ್ಕ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬಿಸಿಯಾದರೆ ಮಾತ್ರ ಗ್ಯಾಸ್ ಬಿಡುತ್ತದೆ. ಗಂಜಿ ಉಕ್ಕಿ ಆ ಕಡ್ಡಿಯ ಮೇಲೆ ಒಣಗಿದರೆ ಅದಕ್ಕೆ ಬಿಸಿ ತಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರಸಿದರೆ ಸರಿ. ಕುಚ್ಚಿಲಕ್ಕಿ ಗಂಜಿ ಉಕ್ಕದ ಮನೆ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಇಷ್ಟಾದರೂ ವಯಸ್ಸಾದವರು ಇರುವ ಮನೆಗೆ ಈ ಸುರಕ್ಷತೆ ಇಲ್ಲದ ಹಾಬ್ ತಗೊಳ್ಳಬೇಡಿ. ಹಚ್ಚುವಾಗ ಐದಾರು ಸೆಕೆಂಡ್ ನಾಬ್ ಒತ್ತಿ ಹಿಡಿಯಬೇಕು, ಅಮ್ಮನಿಗೆ ಮೊದಲು ಕಿರಿಕಿರಿ ಆಗುತ್ತದೆ, ಆಮೇಲೆ ರೂಢಿ.

ಮೂರನೆಯದು ಗಾಜು ಒಡೆದದ್ದು. ದೊಡ್ಡ ಉರುಳಿಯ ತಳ ಬರ್ನರಿನ ಆಚೆ ಚಾಚಿಕೊಂಡು ಗಂಟೆಗಟ್ಟಲೆ ಕುದಿದರೆ ಶಾಖ ಕೆಳಗೆ ತಿರುಗಿ ಗಾಜನ್ನು ಕಾಯಿಸುತ್ತದೆ. ಹಲಸಿನ ಹಣ್ಣಿನ ಬೆರಟಿ ಕಾಯಿಸುವ ದಿನ ಹಾಬ್ ಬೇಡ. ಅದಕ್ಕೆ ಹೊರಗಿನ ಕಟ್ಟಿಗೆ ಒಲೆಯೇ ಸರಿ.

ಪೆರ್ಲದ ಅಡಿಗೆಮನೆ:
ಬೆರಟಿ ವಿಷಯದಲ್ಲಿ ನೂರಕ್ಕೆ ನೂರು. ಕುಚ್ಚಿಲಕ್ಕಿಗೆ ನಾವು ತರ್ಮಲ್ ಕುಕ್ಕರ್ ಮಾಡಿದ್ದೇವೆ. ಹದಿನೈದು ನಿಮಿಷ ಕುದಿಸಿ ಬಿಸಿ ಪೆಟ್ಟಿಗೆಯೊಳಗೆ ಇಟ್ಟರೆ ಒಂದು ಗಂಟೆಯಲ್ಲಿ ಅನ್ನ ಬೆಂದಿರುತ್ತದೆ. ಮುಕ್ಕಾಲು ಗಂಟೆ ಉರಿಯಬೇಕಾದ ಒಲೆ ಖಾಲಿ. ನಾಲ್ಕನೇ ಒಲೆ ಬೇಕು ಅನ್ನಿಸಿದ್ದೇ ಅನ್ನದಿಂದ. ಈಗ ಮೂರು ಸಾಕು.

ವಿದ್ಯಾನಗರ ಬೇಕಿಂಗ್:
ಓವನ್ ಬಗ್ಗೆ ನಾನು ಹೇಳುತ್ತೇನೆ. ಆರು ವರ್ಷದಿಂದ ಮನೆಯಲ್ಲೇ ಕೇಕ್, ಬ್ರೆಡ್ ಮಾಡಿ ಮಾರುತ್ತೇನೆ. ಮೊದಲು ಮೇಜಿನ ಮೇಲಿಡುವ ಓಟಿಜಿ ಇತ್ತು, ಈಗ ಗೋಡೆ ಓವನ್. ಎರಡೂ ಗೊತ್ತು.

ಗೋಡೆ ಓವನಿನ ದೊಡ್ಡ ಸುಖ ಏನು ಗೊತ್ತಾ? ಬಗ್ಗಬೇಕಾಗಿಲ್ಲ. ಎದೆಮಟ್ಟದಲ್ಲಿ ಇರುತ್ತದೆ. ಒಳಗೆ 65ರಿಂದ 70 ಲೀಟರ್ ಜಾಗ, ಎರಡು ಟ್ರೇ ಬಿಸ್ಕತ್ತು ಒಟ್ಟಿಗೆ ಹೋಗುತ್ತದೆ. ಫ್ಯಾನ್ ಇದ್ದರೆ ಎರಡೂ ಟ್ರೇ ಹೆಚ್ಚು ಕಡಿಮೆ ಒಂದೇ ಬಣ್ಣ ಬರುತ್ತದೆ. ಫ್ಯಾನ್ ಹಾಕಿದಾಗ ಪುಸ್ತಕದಲ್ಲಿ ಹೇಳಿದ ಉಷ್ಣತೆಗಿಂತ 20 ಡಿಗ್ರಿ ಕಮ್ಮಿ ಇಡಬೇಕು, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಾಗಿಲಿಗೆ ಎರಡು ಮೂರು ಪದರ ಗಾಜು ಇರುವುದರಿಂದ ಮಕ್ಕಳ ಕೈ ಸುಡುವ ಭಯ ಕಮ್ಮಿ. ಕರೆಂಟ್ ನೀವು ಹೆದರುವಷ್ಟು ತಿನ್ನುವುದಿಲ್ಲ. 3 ಕಿಲೋವಾಟ್ ಅಂದರೆ ಇಡೀ ಗಂಟೆ ಅಷ್ಟೇ ಎಳೆಯುತ್ತದೆ ಅಂತ ಅಲ್ಲ. ಬಿಸಿ ಆದ ಮೇಲೆ ಆಫ್ ಆಗಿ ಆನ್ ಆಗಿ ನಡೆಯುತ್ತದೆ. ಒಂದು ಕೇಕಿಗೆ ಒಂದು ಯೂನಿಟ್ ಆಚೀಚೆ.

ಈಗ ಕಹಿ ಮಾತು. ಮಗಳು ತಿಂಗಳಿಗೆ ಎರಡು ಸಲ ಕೇಕ್ ಮಾಡುವುದಾದರೆ ಅದು ದಂಡ. ಸಣ್ಣ ಒಂದು ಕೇಕಿಗೂ ಆ ದೊಡ್ಡ ಪೆಟ್ಟಿಗೆ ಪೂರ್ತಿ ಕಾಯಬೇಕು, ಹದಿನೈದು ನಿಮಿಷ. 40 ಲೀಟರಿನ ಓಟಿಜಿಯಲ್ಲಿ ಒಂದು ಕಿಲೋ ಕೇಕ್ ಚೆನ್ನಾಗಿಯೇ ಬರುತ್ತದೆ. ಹಾಳಾದರೆ ಸ್ಕೂಟರಿನಲ್ಲಿ ಇಟ್ಟುಕೊಂಡು ಪೇಟೆಗೆ ಹೋಗಬಹುದು. ಗೋಡೆ ಓವನ್ ಹಾಳಾದರೆ ಮನುಷ್ಯ ಇಲ್ಲಿಗೇ ಬರಬೇಕು. ಅವನು ಬರುವುದು ಎಲ್ಲಿಂದ ಅಂತ ಕೇಳಿಕೊಂಡಿದ್ದೀರಾ?

ನೀರ್ಚಾಲು ಮನೆ:
ಮಂಗಳೂರಿನಿಂದ ತಾನೇ? ಅಂಗಡಿ ಅಲ್ಲಿಯದು.

ವಿದ್ಯಾನಗರ ಬೇಕಿಂಗ್:
ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳೂರು ನಮಗೆ 50 ಕಿಲೋಮೀಟರ್. ಓವನ್ ತಂದದ್ದು ಅಲ್ಲಿಂದ, ವಾರಂಟಿ ಕಾರ್ಡಿಗೆ ಸೀಲ್ ಹೊಡೆದದ್ದು ಅಲ್ಲಿ. ಒಂದೂವರೆ ವರ್ಷಕ್ಕೆ ಅದರ ಫ್ಯಾನ್ ನಿಂತಿತು. ಕಂಪನಿಗೆ ಫೋನ್ ಮಾಡಿದರೆ ಪಿನ್ ಕೋಡ್ ಕೇಳಿದರು. 671ರಿಂದ ಶುರು ಆಗುವ ನಂಬರ್ ಹೇಳಿದ ಕೂಡಲೇ ದೂರು ಕಣ್ಣೂರಿಗೆ ಹೋಯಿತು. ಕಂಪ್ಯೂಟರಿಗೆ ಗೊತ್ತಿರುವುದು ರಾಜ್ಯ ಮಾತ್ರ. ಕಣ್ಣೂರಿನವರು ಈ ಕಡೆ ಎರಡು ದೂರು ಸೇರಿದ ಮೇಲೆ ಬರುತ್ತೇವೆ ಅಂದರು. ಹತ್ತೊಂಬತ್ತು ದಿನ ಕಾದೆ. ಓಣಂ ಆರ್ಡರ್ ಎಲ್ಲ ಕೈ ತಪ್ಪಿತು. ಮಂಗಳೂರಿನ ಸರ್ವೀಸ್‌ನವರಿಗೆ ನಾನೇ ಬಸ್ ಚಾರ್ಜ್ ಕೊಡುತ್ತೇನೆ ಅಂದರೂ ನಮ್ಮ ವ್ಯಾಪ್ತಿ ರಾಜ್ಯದ ಗಡಿ ತಲಪಾಡಿಯ ತನಕ ಮಾತ್ರ ಅಂದರು.

ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಬೇರೆ ಕಂಪನಿಯ ಫ್ರಿಜ್‌ಗೂ ನಮ್ಮ ಪಕ್ಕದವರಿಗೆ ಇದೇ ಕತೆ ಆಗಿದೆ. ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಕಂಪನಿಯ ನಂಬರಿಗೆ ಫೋನ್ ಮಾಡಿ, ನಿಮ್ಮ ಪಿನ್ ಕೋಡ್ ಹೇಳಿ, ಯಾವ ಊರಿನಿಂದ ಜನ ಬರುತ್ತಾರೆ ಅಂತ ಕೇಳಿ. ಅಂಗಡಿಯವರ ಮುಖ ನೋಡಬೇಡಿ.

ಉಪ್ಪಳ ಪೇಟೆ:
ಇದಕ್ಕೇ ನಾವು ಗ್ಯಾಸ್ ಓವನ್ ಮಾಡಿದ್ದು. ಮೇಲೆ ಐದು ಒಲೆ, ಕೆಳಗೆ ಓವನ್, ಎಲ್ಲ ಒಂದೇ ಪೆಟ್ಟಿಗೆ. 90 ಸೆಂಟಿಮೀಟರ್ ಅಗಲ. ದುಬಾಯಿಯಲ್ಲಿ ಅಣ್ಣನ ಮನೆಯಲ್ಲಿ ನೋಡಿ ಆಸೆ ಆಗಿತ್ತು, ಇಲ್ಲೇ ತಗೊಂಡೆವು. ಕರೆಂಟ್ ಹೋದರೂ ಚಿಂತೆ ಇಲ್ಲ, ಲೈಟರ್ ಹಿಡಿದರೆ ಆಯಿತು. ಬಿರಿಯಾನಿ ಪಾತ್ರೆಗೆ ಹಿಟ್ಟು ಮೆತ್ತಿ ಮುಚ್ಚಿ ಓವನಿನಲ್ಲಿ 160ಕ್ಕೆ ಮುಕ್ಕಾಲು ಗಂಟೆ ದಮ್ ಇಟ್ಟರೆ ತಳ ಹಿಡಿಯುವುದೇ ಇಲ್ಲ. ಕೆಂಡ ಹಾಕುವ ಕಷ್ಟ ತಪ್ಪಿತು.

ಕೇಕ್ ಮಾತ್ರ ಅಷ್ಟಕ್ಕಷ್ಟೆ. ಶಾಖ ತಳದಿಂದ ಬರುತ್ತದೆ, ಫ್ಯಾನ್ ಇಲ್ಲ, ಒಂದು ಬದಿ ಕೆಂಪಾಗಿ ಇನ್ನೊಂದು ಬದಿ ಬಿಳಿ. ಅರ್ಧದಲ್ಲಿ ತಿರುಗಿಸಬೇಕು. ಕಿಟಕಿ ತೆರೆದಿರಬೇಕು, ಗ್ಯಾಸ್ ಉರಿದ ಹಬೆ ಎಲ್ಲ ಕೋಣೆಗೇ ಬರುತ್ತದೆ.

ಕೊನೆಗೆ ಒಂದು ಗುಟ್ಟು. ಎರಡು ವಾರ ಬಳಸದೆ ಬಿಟ್ಟರೆ ಇಲಿ ಕೆಳಗೆ ಗೂಡು ಮಾಡುತ್ತದೆ. ಹಚ್ಚುವ ಮೊದಲು ಬಾಗಿಲು ತೆರೆದು ನೋಡಿ. ನಮಗೆ ಒಂದು ಸಲ ಗೊತ್ತಾಗಿದೆ, ವಿವರ ಬೇಡ.

ಕುಂಬಳೆ ವಯರಿಂಗ್:
ಇಲಿ ಅಂದಾಗ ನೆನಪಾಯಿತು. ಹಲ್ಲಿ. ಟಚ್ ಬಟನ್ ಇರುವ ಓವನ್, ಇಂಡಕ್ಷನ್ ಬೋರ್ಡಿನ ಒಳಗೆ ಬೆಚ್ಚಗೆ ಇರುತ್ತದೆ ಅಂತ ಹಲ್ಲಿ ಸೇರುತ್ತದೆ, ಬೋರ್ಡ್ ಶಾರ್ಟ್. ಮತ್ತೆ ಏಪ್ರಿಲ್ ಮೇ ತಿಂಗಳಲ್ಲಿ, ತುಲಾ ತಿಂಗಳಲ್ಲಿ ನಮ್ಮ ಕಡೆಯ ಗುಡುಗು ಮಿಂಚು ಗೊತ್ತಲ್ಲ. ಮೋಡ ಕಪ್ಪಾದ ಕೂಡಲೇ ಪ್ಲಗ್ ಎಳೆಯುವ ಅಭ್ಯಾಸ ಇಲ್ಲದಿದ್ದರೆ ಬೋರ್ಡಿಗೆ ಆಯುಸ್ಸು ಇಲ್ಲ. ತಿರುಗಿಸುವ ನಾಬ್ ಇರುವ ಓವನ್ ತಗೊಳ್ಳಿ. ನೋಡಲು ಹಳತು ಅನ್ನಿಸಬಹುದು. ರಿಪೇರಿಗೆ ಅದೇ ಸುಲಭ.

ಇನ್ನೊಂದು, ಮಳೆಗಾಲದಲ್ಲಿ ತುಂಬಾ ಜನ ಗಾಬರಿಯಿಂದ ಫೋನ್ ಮಾಡುತ್ತಾರೆ. ಓವನ್ ಆನ್ ಮಾಡಿದರೆ ಇಡೀ ಮನೆಯ ಕರೆಂಟ್ ಟ್ರಿಪ್ ಆಗುತ್ತದೆ ಅಂತ. ಕಾಯುವ ಸುರುಳಿಯ ಒಳಗಿನ ಪುಡಿ ತಿಂಗಳುಗಟ್ಟಲೆ ಬಳಸದಿದ್ದರೆ ತೇವ ಎಳೆದುಕೊಳ್ಳುತ್ತದೆ. ಸ್ವಲ್ಪ ಕರೆಂಟ್ ಅರ್ತ್‌ಗೆ ಸೋರುತ್ತದೆ, 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಸೋರಿದರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದುಹೋಗುತ್ತದೆ. ಓವನ್ ಹಾಳಾಗಿದೆ ಅಂತ ಅಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ 100 ಡಿಗ್ರಿಯಲ್ಲಿ ಅರ್ಧ ಗಂಟೆ ಖಾಲಿ ಓಡಿಸಿ, ತೇವ ಸೇರುವುದಕ್ಕೇ ಬಿಡಬೇಡಿ. ಟ್ರಿಪ್ ಶುರುವಾಗಿಯೇ ಬಿಟ್ಟರೆ ಸುರುಳಿ ಒಣಗಿಸುವ ಕೆಲಸ ನಮಗೆ ಬಿಡಿ. ಇಎಲ್‌ಸಿಬಿಯನ್ನು ಮಾತ್ರ ಯಾರೂ ಕಿತ್ತು ಹಾಕಬೇಡಿ. ಹಾಗೆ ಮಾಡಿದ ಒಂದು ಮನೆ ನೋಡಿದ್ದೇನೆ, ಓವನಿನ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತಿತ್ತು.

ಕಂಗಿನ ತೋಟ:
ಮಳೆಗಾಲ ಅಂದಿರಿ, ಮತ್ತೊಂದು ಪ್ರಶ್ನೆ. ಜಾಯಿಕಾಯಿ ಬೀಳುವುದು ಸರಿ ಮಳೆಯಲ್ಲೇ. ಜಾಪತ್ರೆ ಒಣಗಿಸಲು ಬಿಸಿಲಿಲ್ಲ, ಬೂಸುರು ಬರುತ್ತದೆ. ಈ ಓವನಿನಲ್ಲಿ ಒಣಗಿಸಬಹುದಾ? ಆಗುವುದಾದರೆ ನಾನೂ ಮನೆಯಲ್ಲಿ ಒಪ್ಪಿಸಬಹುದು.

ವಿದ್ಯಾನಗರ ಬೇಕಿಂಗ್:
ಒಪ್ಪಿಸಲು ಒಳ್ಳೆ ನೆಪ ಹುಡುಕಿದ್ದೀರಿ. ನಾನು ತವರುಮನೆಯ ಜಾಪತ್ರೆ ಎರಡು ಟ್ರೇ ಒಣಗಿಸಿ ನೋಡಿದ್ದೇನೆ. 50 ಡಿಗ್ರಿಗೆ ಇಟ್ಟು, ಫ್ಯಾನ್ ಹಾಕಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ತೇವ ಹೊರಗೆ ಹೋಗಲು ಬಿಟ್ಟೆ. ಬಣ್ಣ ಚೆನ್ನಾಗಿ ಉಳಿಯಿತು. ಆದರೆ ಅರ್ಧ ದಿನ ಹಿಡಿಯಿತು, ಸಿಕ್ಕಿದ್ದು ಎರಡು ಮುಷ್ಟಿ. ಕೆಲವು ಓವನಿನಲ್ಲಿ ಬಾಗಿಲು ತೆರೆದರೆ ಫ್ಯಾನೇ ನಿಲ್ಲುತ್ತದೆ, ಅದರಲ್ಲಿ ಆಗುವುದೂ ಇಲ್ಲ. ತೋಟದ ಬೆಳೆಗೆ ಡ್ರೈಯರೇ ಮಾಡಿಸಿ. ಮಳೆಯಲ್ಲಿ ಮೆತ್ತಗಾದ ಹಪ್ಪಳ, ಸಂಡಿಗೆಗೆ ಮಾತ್ರ ಓವನ್ ಬಹಳ ಉಪಕಾರಿ.

ನೀರ್ಚಾಲು ಮನೆ:
ಎಲ್ಲ ಓದಿ ಮನೆಯಲ್ಲಿ ಗಟ್ಟಿಯಾಗಿ ಹೇಳಿದೆ. ಹೆಂಡತಿ ಮೂರು ಒಲೆಗೆ ಇಳಿದಳು. ಮಗಳು ಇಳಿಯಲಿಲ್ಲ. ಈಗ ಕೊನೆಯ ಪ್ರಶ್ನೆ. ಗ್ರಾನೈಟ್ ಕೊಯ್ಯಬೇಕಾ? ಮೇಲೆ ಇಟ್ಟುಬಿಡಬಹುದಾದ ಹಾಬ್‌ಟಾಪ್ ಅಂತ ಒಂದು ಇದೆಯಂತೆ.

ಮುಳ್ಳೇರಿಯ ಒಲೆ ರಿಪೇರಿ:
ಕೊಯ್ಯಬೇಡಿ. ಇದು ನನ್ನ ಸ್ವಂತ ಅಭಿಪ್ರಾಯ, ಹಾಬ್ ಮಾರುವವರಿಗೆ ಸಿಟ್ಟು ಬರಬಹುದು. ತೂತಿನ ಅಳತೆ ಕಂಪನಿಗೊಂದು, ಒಂದೇ ಕಂಪನಿಯಲ್ಲಿ ಮಾಡಲ್‌ಗೊಂದು. ಎಂಟು ಹತ್ತು ವರ್ಷ ಕಳೆದು ಹಾಬ್ ಬದಲಿಸುವಾಗ ಅದೇ ಅಳತೆಯದು ಸಿಗುವುದಿಲ್ಲ. ತೂತು ದೊಡ್ಡದು ಮಾಡಬಹುದು, ಸಣ್ಣದು ಮಾಡಲು ಆಗುತ್ತದಾ? ಹಾಬ್‌ಟಾಪ್ ಆದರೆ ಕಾಲು ಇದೆ, ಎತ್ತಿ ಒರಸಬಹುದು, ಕೆಳಗಿನಿಂದ ಗಾಳಿಯೂ ಬರುತ್ತದೆ. ಒಂದೇ ತೊಂದರೆ, ಒಲೆ ಸುಮಾರು ಮೂರು ನಾಲ್ಕು ಇಂಚು ಎತ್ತರ ಆಗುತ್ತದೆ. ಅಮ್ಮ ಎಷ್ಟು ಎತ್ತರ ಇದ್ದಾರೆ ನೋಡಿ, ಆ ಭಾಗದ ಕಟ್ಟೆಯನ್ನು ಅಷ್ಟು ತಗ್ಗಿಸಿ.

ಸಿಲಿಂಡರ್ ಹೊರಗೆ ಇಡುವುದಾದರೆ ಈಗಲೇ ಗೋಡೆಯಲ್ಲಿ ತಾಮ್ರದ ಪೈಪು ಹಾಕಿಸಿ. ಒಳಗೇ ಇಡುವುದಾದರೆ ಕಪಾಟಿಗೆ ತಳದಲ್ಲಿ ಗಾಳಿ ಸಂದಿ ಬೇಕೇ ಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಐದು ವರ್ಷಕ್ಕೊಮ್ಮೆ ಬದಲಿಸಿ, ಇಲಿ ಇದ್ದರೆ ಆಗಾಗ ನೋಡುತ್ತಿರಿ.

ನಿವೃತ್ತ ಲೆಕ್ಕದ ಮಾಷ್ಟ್ರು:
ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪು ನಮ್ಮ ಜಿಲ್ಲೆಯ ಮೂಲಕವೇ ಹೋಗಿದೆ. 2021ರ ಜನವರಿ 5ರಂದು ಉದ್ಘಾಟನೆ ಆಯಿತು. ಒಂದು ದಿನ ಮನೆಗೂ ಪೈಪ್ ಗ್ಯಾಸ್ ಬರಬಹುದು. ಆಗ ಈ ಹಾಬ್ ಎಸೆಯಬೇಕಾ?

ಮುಳ್ಳೇರಿಯ ಒಲೆ ರಿಪೇರಿ:
ಎಸೆಯಬೇಕಾಗಿಲ್ಲ. ಜೆಟ್ ಬದಲಿಸಿದರೆ ಆಗುತ್ತದೆ, ಆ ಮಾಡಲ್‌ಗೆ ಪಿಎನ್‌ಜಿ (ಪೈಪ್ ಗ್ಯಾಸ್) ಜೆಟ್ ಸಿಗಬೇಕು ಅಷ್ಟೆ. ಕೊಳ್ಳುವಾಗ ಕೇಳಿಡಿ.

ನೀರ್ಚಾಲು ಮನೆ:
ಆಟಿ ತಿಂಗಳಲ್ಲಿ ಮತ್ತೆ ಬಂದೆ. ಏನು ಮಾಡಿದೆವು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಮೂರು ಒಲೆಯ ಹಾಬ್‌ಟಾಪ್ ತಂದೆವು, ಬೆಂಕಿ ಆರಿದರೆ ಗ್ಯಾಸ್ ನಿಲ್ಲುವಂಥದ್ದು. ಗ್ರಾನೈಟ್ ಕೊಯ್ಯಲಿಲ್ಲ. ಒಲೆಯ ಕಟ್ಟೆ ಉಳಿದದ್ದಕ್ಕಿಂತ ನಾಲ್ಕು ಇಂಚು ತಗ್ಗು, ಆಚಾರಿ ಇದೇನು ಮೆಟ್ಟಿಲಾ ಅಂತ ನಕ್ಕರು. ಅಮ್ಮನಿಗೆ ನಾಬ್ ಒತ್ತಿ ಹಿಡಿಯುವುದು ರೂಢಿ ಆಗಲು ಒಂದು ವಾರ ಸಾಕಾಯಿತು. ಹಿತ್ತಾಳೆ ಬರ್ನರ್ ಕಪ್ಪಾದದ್ದನ್ನು ಬಿಂಬುಳಿಯ ಹುಳಿ ಕಾಯಿ ತಿಕ್ಕಿ ಬೆಳಗಿದ್ದಾರೆ, ಹೊಸದರಂತೆ ಇದೆ. ತ್ರೀ ಫೇಸ್‌ಗೆ ಅರ್ಜಿ ಕೊಟ್ಟಿದ್ದೇವೆ.

ಅಂಗಡಿಯಲ್ಲಿ ನಿಂತು ಪಿನ್ ಕೋಡ್ ಫೋನ್ ಮಾಡಿದೆ. ಮೂರು ಕಂಪನಿಯಲ್ಲಿ ಎರಡು ಕಣ್ಣೂರು ಅಂದವು. ಮೂರನೆಯದು ಕಾಸರಗೋಡಿನಲ್ಲೇ ಜನ ಇದ್ದಾರೆ ಅಂದಿತು, ಅವರ ನಂಬರ್ ಕೇಳಿದೆ, ಕೊಡಲಿಲ್ಲ. ಮಗಳೇ ಇದನ್ನು ಕೇಳಿ ಈಗ ಓಟಿಜಿ ಸಾಕು ಅಂದಳು. 40 ಲೀಟರಿನದು ತಂದೆವು. ಗೋಡೆ ಓವನಿನ ಗೂಡು ಮಾತ್ರ ಮಾಡಿಸಿ, ವಯರ್ ಎಳೆದು ಇಟ್ಟಿದ್ದೇವೆ. ಮೊನ್ನೆ ಹಲಸಿನ ಹಣ್ಣಿನ ಕೇಕ್ ಮಾಡಿದಳು. ಮಧ್ಯೆ ಸ್ವಲ್ಪ ಹಸಿ ಇತ್ತು, ಸಂಜೆ ಏಳೂವರೆಗೆ ಇಟ್ಟದ್ದು ತಪ್ಪು.

ಕುಂಬಳೆ ವಯರಿಂಗ್:
ಓಟಿಜಿಯನ್ನು ಆ ಗೂಡಿನೊಳಗೆ ಇಟ್ಟಿಲ್ಲ ತಾನೇ? ಅದಕ್ಕೆ ಗೋಡೆ ಓವನಿನ ಹಾಗೆ ತಂಪು ಮಾಡುವ ಫ್ಯಾನ್ ಇಲ್ಲ. ಸುತ್ತ ಒಂದು ಗೇಣು ಖಾಲಿ ಜಾಗ ಬೇಕು.

ನೀರ್ಚಾಲು ಮನೆ:
ಇಲ್ಲ, ಅದು ಗ್ರಾನೈಟ್ ಮೇಲೆ ಇದೆ.

ಕಂಗಿನ ತೋಟ:
ಗೂಡಿನ ಅಳತೆ ಎಷ್ಟು ಇಟ್ಟಿರಿ? ನಮ್ಮ ಆಚಾರಿ ನಾಳೆ ಬರುತ್ತಾರೆ.

ನೀರ್ಚಾಲು ಮನೆ:
ಒಳಗಿನ ಅಗಲ 56 ಸೆಂಟಿಮೀಟರ್, ಎತ್ತರ 60, ಆಳ 57. ಹೊರಗಿನ ಚೌಕಟ್ಟು 60 ಅಗಲ. ಗೆದ್ದಲಿಗೆ ಹೆದರಿ ಐಎಸ್ 710 (ಮರೈನ್) ಪ್ಲೈ ಹಾಕಿಸಿದೆವು. ನೆಲದಿಂದ 75 ಸೆಂಟಿಮೀಟರ್ ಎತ್ತರಕ್ಕೆ ತಳ ಬರುತ್ತದೆ. ಪಾಯಿಂಟ್ ಬಲಬದಿಯ ಕಪಾಟಿನಲ್ಲಿ. ಹಿಂಬದಿಗೆ ಪ್ಲೈ ಹೊಡೆಸಿಲ್ಲ, ಗಾಳಿಗೆ ಬಿಟ್ಟದ್ದು. ಸದ್ಯಕ್ಕೆ ಅದರಲ್ಲಿ ಹಪ್ಪಳದ ಡಬ್ಬಗಳಿವೆ. ಹಿಂದಕ್ಕೆ ಹೋಗಿ ಬೀಳದ ಹಾಗೆ ಅಮ್ಮ ಒಂದು ಅಡಿಕೆ ಸಲಾಕೆ ಅಡ್ಡ ಇಟ್ಟಿದ್ದಾರೆ.